ಚಪ್ಪಟೆ ತಳದ ಸಣ್ಣ ದೋಣಿಗೆ ಜೆಟ್ ಕೂರಿಸುವುದು: ಗೇಣುದ್ದ ನೀರಲ್ಲಿ ಓಡುತ್ತದೆಯೇ?

ಮರಳುದಿಬ್ಬ:

ಎಲ್ಲರಿಗೂ ನಮಸ್ಕಾರ. ನನ್ನದು 14 ಅಡಿ ಉದ್ದದ ಅಲ್ಯೂಮಿನಿಯಂ ದೋಣಿ. ತಳ ಪೂರ್ತಿ ಚಪ್ಪಟೆ, ತಳದ ಅಗಲ ನಾಲ್ಕು ಅಡಿ. ಹಿಂದೆ 25 ಎಚ್‌ಪಿಯ ಎರಡು ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹೊರಗೆ ತೂಗುಹಾಕುವಂಥದ್ದು) ಇದೆ, 15 ಇಂಚಿನ ಶಾರ್ಟ್ ಶಾಫ್ಟ್. ಹೊಳೆ ತುಂಬಿದ್ದಾಗ ಯಾವ ತೊಂದರೆಯೂ ಇಲ್ಲ. ನೀರು ಇಳಿದ ತಿಂಗಳುಗಳಲ್ಲಿ ಒಂದು ಮಡುವಿಗೂ ಇನ್ನೊಂದಕ್ಕೂ ನಡುವೆ ನುಣುಪುಗಲ್ಲಿನ ಹಾಸು ಎದ್ದು ಬರುತ್ತದೆ. ಅಲ್ಲಿ ನೀರು ಗೇಣುದ್ದ, ಕೆಲವೆಡೆ ಅದಕ್ಕೂ ಕಡಿಮೆ. ಎಂಜಿನ್ ಎತ್ತಿ, ಕೆಳಗಿಳಿದು, ದೋಣಿ ಎಳೆದು, ಮತ್ತೆ ಹತ್ತಬೇಕು. ಪ್ರೊಪೆಲ್ಲರಿನ ಅಂಚು ಆಗಲೇ ಕಿತ್ತುಹೋಗಿದೆ. ಪ್ರೊಪೆಲ್ಲರ್ ಕೂರುವ ಕೆಳಭಾಗವನ್ನು, ಅಂದರೆ ಗೇರ್‌ಕೇಸನ್ನು, ಬಿಚ್ಚಿ ಆ ಜಾಗಕ್ಕೆ ನೀರೆಳೆದು ಹಿಂದಕ್ಕೆ ಚಿಮ್ಮುವ ಪಂಪು, ಅಂದರೆ ಜೆಟ್ ಘಟಕ, ಹಾಕಬಹುದಂತೆ. ಮೂರು ಜನ, ಜೊತೆಗೆ ಸಾಮಾನು. ಆಗುತ್ತದೆಯೇ? ಮಾಡಿ ನೋಡಿದವರು ಬರೆಯಿರಿ.

ಹಳೇಗಣೆ:

ಆಗುತ್ತದೆ. ಆದರೆ ಎಂಜಿನ್ನಿನಿಂದ ಲೆಕ್ಕ ಶುರು ಮಾಡಬೇಡಿ, ತೂಕದಿಂದ ಶುರು ಮಾಡಿ. ಜೆಟ್ ಹಾಕಿದ ಕೂಡಲೇ ದೋಣಿ ನೀರಿನ ಮೇಲೆ ತೇಲಿ ಹೋಗುತ್ತದೆ ಎಂಬ ನಂಬಿಕೆ ತುಂಬ ಜನಕ್ಕಿದೆ. ತಳದ ಕೆಳಗೆ ಚಾಚಿಕೊಂಡಿರುವ ಗೇರ್‌ಕೇಸ್ ಮತ್ತು ಪ್ರೊಪೆಲ್ಲರನ್ನು ತೆಗೆದುಹಾಕುವುದಷ್ಟೇ ಜೆಟ್ಟಿನ ಕೆಲಸ. ಉಳಿದದ್ದೆಲ್ಲ ದೋಣಿಯ ಕೈಯಲ್ಲಿದೆ.

ನಿಮ್ಮ ದೋಣಿಯನ್ನೇ ತೆಗೆದುಕೊಳ್ಳೋಣ. ನೀರಿಗೆ ತಾಗುವ ತಳ ಸುಮಾರು 3.6 ಮೀಟರ್ ಉದ್ದ, 1.2 ಮೀಟರ್ ಅಗಲ ಅಂದುಕೊಂಡರೆ 4.3 ಚದರ ಮೀಟರ್. ಅಂದರೆ ಪ್ರತಿ 43 ಕೆ.ಜಿ.ಗೆ ದೋಣಿ ಒಂದು ಸೆಂ.ಮೀ. ಇಳಿಯುತ್ತದೆ. ಎಲ್ಲ ಸೇರಿ 370 ಕೆ.ಜಿ. ಆದರೆ ನಿಂತ ದೋಣಿಯ ಸರಾಸರಿ ಮುಳುಗು ಎಂಟೂವರೆ ಸೆಂ.ಮೀ.; ಎಂಜಿನ್ ಇರುವ ಹಿಂಭಾಗ ಇನ್ನೂ ಮೂರ್ನಾಲ್ಕು ಸೆಂ.ಮೀ. ಕೆಳಗೆ. ಪ್ರೊಪೆಲ್ಲರ್ ಮತ್ತದರ ಕೆಳಗಿನ ರೆಕ್ಕೆ ತಳದಿಂದ ಮತ್ತೂ ಒಂದು ಗೇಣು ಕೆಳಕ್ಕಿರುತ್ತವೆ. ಜೆಟ್ ಉಳಿಸುವುದು ಆ ಒಂದು ಗೇಣನ್ನು. ಅದೇ ದೊಡ್ಡದು, ಆದರೆ ಅಷ್ಟೇ.

ನಿಮ್ಮ ದೋಣಿಯ ಬರಿ ತೂಕ, ಎಂಜಿನ್ ತೂಕ, ಇಂಧನ, ಸಾಮಾನು ಎಷ್ಟೆಷ್ಟು? ತೂಗಿಯೇ ಹೇಳಿ, ಅಂದಾಜು ಬೇಡ.

ಪಂಪ್‌ಮನೆ:

ಶಕ್ತಿಯ ಲೆಕ್ಕವನ್ನೂ ಸೇರಿಸುತ್ತೇನೆ. ಔಟ್‌ಬೋರ್ಡ್ ಜೆಟ್ಟಿನಲ್ಲಿ ಎಂಜಿನ್ ಶಕ್ತಿಯ ಹತ್ತಿರ ಹತ್ತಿರ 30 ಶೇಕಡಾ ಹೋಗುತ್ತದೆ ಅಂತಲೇ ಹಿಡಿಯಬೇಕು. ಕಂಪನಿಗಳೇ 60 ಎಚ್‌ಪಿ ಎಂಜಿನ್ನಿಗೆ ಜೆಟ್ ಜೋಡಿಸಿ 40 ಅಂತ, 90ರದ್ದಕ್ಕೆ 65 ಅಂತ, 115ರದ್ದಕ್ಕೆ 80 ಅಂತ ಮಾರುತ್ತವೆ. ನಿಮ್ಮ 25, ಜೆಟ್ ಆದ ಮೇಲೆ ಹದಿನೇಳು ಹದಿನೆಂಟು.

ಯಾಕೆ ಹೀಗೆ ಅಂದರೆ, ಪ್ರೊಪೆಲ್ಲರ್ ಹೆಚ್ಚು ನೀರನ್ನು ನಿಧಾನವಾಗಿ ಹಿಂದಕ್ಕೆ ತಳ್ಳುತ್ತದೆ, ಜೆಟ್ ಕಡಿಮೆ ನೀರನ್ನು ಜೋರಾಗಿ ತಳ್ಳುತ್ತದೆ. ತಳ್ಳಿದ ನೀರಿನ ಜೊತೆಗೇ ಓಡಿಹೋಗುವ ಶಕ್ತಿ ನಮಗೆ ದಕ್ಕುವುದಿಲ್ಲ. ದೋಣಿಯ ವೇಗವನ್ನು ಎರಡರಿಂದ ಗುಣಿಸಿ, ದೋಣಿಯ ವೇಗ ಮತ್ತು ನೀರಧಾರೆಯ ವೇಗ ಎರಡರ ಮೊತ್ತದಿಂದ ಭಾಗಿಸಿ. ಬರುವುದು ಆದರ್ಶ ದಕ್ಷತೆ. ಧಾರೆ ಸೆಕೆಂಡಿಗೆ 20 ಮೀಟರ್ ಇದ್ದು ದೋಣಿ 3 ಮೀಟರ್ ವೇಗದಲ್ಲಿ ತೆವಳುತ್ತಿದ್ದರೆ 26 ಶೇಕಡಾ. ಅದೇ ದೋಣಿ 10 ಮೀಟರ್ ವೇಗಕ್ಕೆ ಬಂದರೆ 67. ಪಂಪಿನೊಳಗಿನ ಉಜ್ಜಾಟದ ನಷ್ಟ ಇದರ ಮೇಲೆ ಬೇರೆ. ಹಾಗಾಗಿ ಭಾರ ಹೇರಿಕೊಂಡು ನಿಧಾನ ಹೋಗುವ ದೋಣಿಗೆ ಜೆಟ್ ಸರಿಯಾದದ್ದಲ್ಲ. ದೋಣಿ ಎದ್ದು ನೀರಿನ ಮೈಮೇಲೆ ಜಾರಬೇಕು. ಆಗ ಮಾತ್ರ ಜೆಟ್ಟಿಗೂ ಬೆಲೆ, ಆಳವಿಲ್ಲದ ನೀರಿಗೂ ಬೆಲೆ.

ಇದನ್ನು ಮೊದಲು ಸರಿಯಾಗಿ ಬಗೆಹರಿಸಿದವರು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್. ಅವರಿಗೆ ಬೇಕಿದ್ದದ್ದೂ ನಿಮ್ಮ ಹಾಗೆ ಜಲ್ಲಿ ಹಾಸಿನ, ಆಳವಿಲ್ಲದ, ರಭಸದ ನದಿಗಳಲ್ಲಿ ಹೋಗುವ ದೋಣಿ. 1954ರ ಮೊದಲ ಮಾದರಿಯಲ್ಲಿ ನೀರನ್ನು ತಳದ ಕೆಳಗೇ ಬಿಡುತ್ತಿದ್ದರು, ವೇಗ ಬರಲಿಲ್ಲ. ಧಾರೆಯನ್ನು ದೋಣಿಯ ಹಿಂಬದಿಯಿಂದ ನೀರಿನ ಮಟ್ಟಕ್ಕಿಂತ ಮೇಲೆ ಬಿಟ್ಟಾಗ ದೋಣಿ ಓಡಿತು. ತಳದ ಕೆಳಗೆ ಏನೂ ಉಳಿಯಲಿಲ್ಲ, ಅದು ಇನ್ನೊಂದು ಲಾಭ. 1960ರಲ್ಲಿ ಅವರ ಜೆಟ್ ದೋಣಿಗಳು ಗ್ರ್ಯಾಂಡ್ ಕ್ಯಾನಿಯನ್ನಿನ ಕೊಲೊರಾಡೋ ನದಿಯನ್ನು ಹರಿವಿಗೆದುರಾಗಿ ಹತ್ತಿದವು.

ಮರಳುದಿಬ್ಬ:

ತೂಗಿಸಿದೆ. ದೋಣಿ 110, ಎಂಜಿನ್ 52, ತುಂಬಿದ ಟ್ಯಾಂಕ್ 20, ಬ್ಯಾಟರಿ, ಲಂಗರು, ಹಗ್ಗ, ಹುಟ್ಟು, ಪೆಟ್ಟಿಗೆಗಳು ಸೇರಿ 45. ಜನ ತಲಾ 70 ಅಂದರೂ ಮೂವರಿಗೆ 210. ಒಟ್ಟು 437 ಕೆ.ಜಿ.

ಹಳೇಗಣೆ:

ಹದಿನೇಳೂವರೆಯಿಂದ ಭಾಗಿಸಿ. ಒಂದು ಎಚ್‌ಪಿಗೆ 25 ಕೆ.ಜಿ. ಬೀಳುತ್ತದೆ. ನಾನು ನೋಡಿರುವ ಮಟ್ಟಿಗೆ ಜೆಟ್ ತುದಿಯ ಎಚ್‌ಪಿಗೆ 16 ಕೆ.ಜಿ. ದಾಟಿದರೆ ಏಳಲು ಒದ್ದಾಟ, 20 ದಾಟಿದರೆ ಮೂತಿ ಆಕಾಶಕ್ಕೆ ಮಾಡಿಕೊಂಡು ನೀರು ಅಗೆಯುತ್ತಲೇ ಇರುತ್ತದೆ. ಆ ಸ್ಥಿತಿಯಲ್ಲಿ ಹಿಂಭಾಗ ನಿಂತಾಗಿನದಕ್ಕಿಂತ ಆಳಕ್ಕಿಳಿಯುತ್ತದೆ. ನಿಮಗೆ ಬೇಕಾದದ್ದರ ಪೂರ್ತಿ ಉಲ್ಟಾ.

ಎರಡು ದಾರಿ ಇವೆ. ಇದೇ ಎಂಜಿನ್ ಇಟ್ಟುಕೊಂಡು ಒಬ್ಬರೇ ಹೋಗುವುದು, ಸಾಮಾನನ್ನು ಅರ್ಧಕ್ಕಿಳಿಸುವುದು. ಆಗ 275ರ ಒಳಗೆ ಬರುತ್ತೀರಿ, ಚೆನ್ನಾಗಿ ಓಡುತ್ತದೆ. ಇಲ್ಲವೇ 40 ಎಚ್‌ಪಿ ಎಂಜಿನ್ ಹುಡುಕಿ ಅದಕ್ಕೆ ಜೆಟ್ ಹಾಕುವುದು. ತುದಿಯಲ್ಲಿ 28 ಸಿಗುತ್ತದೆ, ಎಂಜಿನ್ ಇಪ್ಪತ್ತು ಮೂವತ್ತು ಕೆ.ಜಿ. ಹೆಚ್ಚು ತೂಗಿದರೂ ಇಬ್ಬರು ಆರಾಮಾಗಿ ಹೋಗಬಹುದು. ಮೂರನೆಯವರನ್ನು ಈ ದೋಣಿಗೆ ನಾನು ಹತ್ತಿಸುವುದಿಲ್ಲ. ದೊಡ್ಡ ಎಂಜಿನ್ ಅನ್ನುವ ಮುಂಚೆ ದೋಣಿಯ ಮೇಲಿರುವ ತಯಾರಕರ ಫಲಕದಲ್ಲಿ ಎಷ್ಟು ಎಚ್‌ಪಿವರೆಗೆ ಅಂತ ಬರೆದಿದೆ ಓದಿ. ಅದನ್ನು ಮೀರಬೇಡಿ.

ಜೊಂಡುಹುಲ್ಲು:

ನಾನು ಬೇರೆ ಮಾತು ಹೇಳಬೇಕು. ಜೆಟ್ ಎಲ್ಲ ಆಳವಿಲ್ಲದ ನೀರಿಗೂ ಅಲ್ಲ. ನಾನಿರುವುದು ಕೆಸರು ತಳ, ಜೊಂಡು, ಪಾಚಿ ತುಂಬಿದ ಹಿನ್ನೀರಿನಲ್ಲಿ. ಜೆಟ್ಟಿನ ಬಾಯಿಗೆ ಕಂಬಿಗಳ ಜಾಲರಿ ಇರುತ್ತದಲ್ಲ, ಅದರ ಮೇಲೆ ಒಂದು ಹಿಡಿ ಪಾಚಿ ಕೂತರೆ ಸಾಕು, ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಆಫ್ ಮಾಡಿ, ಎತ್ತಿ, ಕೈಯಲ್ಲಿ ಕಿತ್ತು, ಮತ್ತೆ ಶುರು. ಹತ್ತು ಮಾರು ಹೋದರೆ ಮತ್ತದೇ ಕಥೆ. ನಾನು ಜೆಟ್ ತೆಗೆದು ಉದ್ದ ಬಾಲದ ಎಂಜಿನ್ನಿಗೆ ಬಂದೆ. ಗಾಳಿ ತಂಪಿನ ಎಂಜಿನ್, ಉದ್ದ ದಂಡ, ತುದಿಯಲ್ಲಿ ಸಣ್ಣ ಪ್ರೊಪೆಲ್ಲರ್. ಜೊಂಡಿನ ಮೇಲೆ ಎತ್ತಿ ದಾಟಿಸಬಹುದು, ಕೆಸರನ್ನು ಸೀಳಿಕೊಂಡೇ ಹೋಗುತ್ತದೆ. ತಂಪಿಗೆ ಹೊರಗಿನ ನೀರು ಬೇಡದ್ದರಿಂದ ಕೆಸರು ಒಳಗೆ ಹೋಗುವ ಭಯವೂ ಇಲ್ಲ. ವೇಗ ಇಲ್ಲ, ಒಪ್ಪುತ್ತೇನೆ. ಆದರೆ ಭಾರ ಹೊರುತ್ತದೆ.

ಮರಳುದಿಬ್ಬ ಅವರೇ, ನಿಮ್ಮ ಹೊಳೆಯ ತಳ ಪೂರ್ತಿ ಕಲ್ಲೇ? ಕಳೆ ಎಷ್ಟಿದೆ?

ಮರಳುದಿಬ್ಬ:

ಕಲ್ಲು ಮತ್ತು ದಪ್ಪ ಮರಳು. ನೀರು ತಿಳಿ, ಹರಿವು ಚುರುಕು. ಕಳೆ ಅಂಚುಗಳಲ್ಲಿ ಮಾತ್ರ.

ಜೊಂಡುಹುಲ್ಲು:

ಹಾಗಿದ್ದರೆ ಜೆಟ್ಟೇ ಸರಿ. ಕಲ್ಲಿನ ಮೇಲೆ ಉದ್ದ ಬಾಲದ ಪ್ರೊಪೆಲ್ಲರ್ ಬಾಳುವುದಿಲ್ಲ.

ತಗಡುಬೆಸುಗೆ:

ಜೋಡಣೆಯ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲಿ. ನಿಮ್ಮ ಎಂಜಿನ್ ಮಾದರಿಗೆಂದೇ ಮಾಡಿದ ಜೆಟ್ ಕಿಟ್ ಬೇಕು. ಗೇರ್‌ಕೇಸ್ ಬಿಚ್ಚಿದ ಮೇಲೆ ಹಳೇ ಡ್ರೈವ್ ಶಾಫ್ಟ್ ಕೂಡ ಹೊರಗೆ, ಕಿಟ್ಟಿನ ಶಾಫ್ಟ್ ಒಳಗೆ. ಎಂಜಿನ್ ತಂಪು ಮಾಡುವ ನೀರಿನ ಪಂಪು ಜೆಟ್ ಘಟಕದ ಮೇಲೆ ಕೂರುತ್ತದೆ, ಅದರ ರಬ್ಬರ್ ಇಂಪೆಲ್ಲರನ್ನು, ಅಂದರೆ ನೀರು ತಳ್ಳುವ ಎಲೆಚಕ್ರವನ್ನು, ಇದೇ ಸಂದರ್ಭದಲ್ಲಿ ಹೊಸದು ಹಾಕಿಬಿಡಿ. ಗೇರ್ ಅನ್ನುವುದೇ ಇಲ್ಲ. ಎಂಜಿನ್ ಎಷ್ಟು ಸುತ್ತುತ್ತದೋ ಜೆಟ್ ಇಂಪೆಲ್ಲರೂ ಅಷ್ಟೇ ಸುತ್ತುತ್ತದೆ. ಹಿಂದಕ್ಕೆ ಹೋಗಲು ಧಾರೆಯ ಮುಂದೆ ಇಳಿಯುವ ಒಂದು ಬಾಗಿಲು, ಅದು ನೀರನ್ನು ಮುಂದಕ್ಕೆ ತಿರುಗಿಸುತ್ತದೆ. ಬಾಗಿಲು ಅರ್ಧ ಇಳಿದಾಗ ಮುಂದಿನ ಹಿಂದಿನ ತಳ್ಳು ಸಮವಾಗಿ ದೋಣಿ ನಿಲ್ಲುತ್ತದೆ, ನ್ಯೂಟ್ರಲ್ ಅಂದರೆ ಇಷ್ಟೇ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಪಂಪು ನೀರು ಎಳೆಯುತ್ತಲೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಎತ್ತರವೇ ಎಲ್ಲಕ್ಕಿಂತ ಮುಖ್ಯ. ಪ್ರೊಪೆಲ್ಲರ್ ಇದ್ದಾಗಿನದಕ್ಕಿಂತ ಎಂಜಿನ್ನನ್ನು ಸುಮಾರು 15ರಿಂದ 18 ಸೆಂ.ಮೀ. ಮೇಲೆ ಕೂರಿಸಬೇಕಾಗುತ್ತದೆ. ದೋಣಿಯ ತಳಕ್ಕೆ ನೇರ ಪಟ್ಟಿ ಒತ್ತಿ ಹಿಡಿದು ಹಿಂದಕ್ಕೆ ಚಾಚಿ. ಜೆಟ್ ಬಾಯಿಯ ಮುಂದಿನ ತುಟಿ ಆ ಗೆರೆಗೆ ಸಮವಾಗಿ ಬರಬೇಕು. ಕೆಳಗಿದ್ದರೆ ನೀರು ತುಟಿಗೆ ಬಡಿದು ಸಿಡಿಯುತ್ತದೆ, ದೋಣಿ ತಡೆಯುತ್ತದೆ, ಕಲ್ಲಿಗೂ ಮೊದಲು ಅದೇ ತಾಗುತ್ತದೆ. ಮೇಲಿದ್ದರೆ ಗಾಳಿ ಎಳೆಯುತ್ತದೆ. ಮೊದಲು ಈ ಅಳತೆಗೆ ಕೂರಿಸಿ, ಆಮೇಲೆ ನೀರಲ್ಲಿ ಓಡಿಸಿ, ಒಂದು ಸಲಕ್ಕೆ ಐದಾರು ಮಿಲಿಮೀಟರ್ ಏರಿಸಿ ಇಳಿಸಿ ಸರಿ ಮಾಡಿ. ಬೋಲ್ಟ್ ತೂತುಗಳನ್ನು ಕೊನೆಗೆ ಕೊರೆಯಿರಿ. ಅಲ್ಲಿಯವರೆಗೆ ಕ್ಲಾಂಪಿನ ಜೊತೆ ಸುರಕ್ಷತಾ ಸರಪಳಿ ಬಿಗಿದಿರಲಿ.

ಎತ್ತರಿಸಲು ಹಿಂಬದಿಯ ಹಲಗೆಗೆ, ಅಂದರೆ ಟ್ರಾನ್ಸಮ್ಮಿಗೆ, ಮೇಲೊಂದು ತುಂಡು ಸೇರಿಸುವುದು ಎಲ್ಲರಿಗೂ ತೋಚುತ್ತದೆ. ಆದರೆ ಸನ್ನೆಗೋಲು ಉದ್ದವಾದಂತೆ ಬುಡದ ಮೇಲೆ ಬಲ ಹೆಚ್ಚುತ್ತದೆ. ಟ್ರಾನ್ಸಮ್ಮಿನಿಂದ ತಳಕ್ಕೆ ತ್ರಿಕೋನದ ಆಧಾರ ತಗಡು ಎರಡೂ ಬದಿ ಬೇಕೇ ಬೇಕು. ಒಳಗಿನ ಹಲಗೆ ಕೊಳೆತಿದೆಯೋ ಅಂತ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತಗಡು 5052 ಅಥವಾ 5083 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ್ದು ತೆಗೆದುಕೊಳ್ಳಿ. 6061 ಗಟ್ಟಿಯೇ, ಆದರೆ ಬೆಸುಗೆಯ ಶಾಖ ತಾಗಿದ ಪಟ್ಟಿಯಲ್ಲಿ ಬಲ ಕಳೆದುಕೊಳ್ಳುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ಅಲ್ಯೂಮಿನಿಯಂಗೆ ನೇರ ತಾಗದಂತೆ ನೈಲಾನ್ ವಾಶರ್ ಮತ್ತು ಸೀಲಂಟ್ ಹಾಕಿ. ತಾಮ್ರ ಬೆರೆತ ಬಣ್ಣವನ್ನು ತಳಕ್ಕೆ ಬಳಿಯಲೇಬೇಡಿ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಇನ್ನೊಂದು ಮಾತು. ಜೆಟ್ ಬಾಯಿಯ ಮುಂದಿನ ತಳ ಬೋಳಾಗಿರಬೇಕು. ಉದ್ದಕ್ಕೂ ಹೋಗುವ ನಡು ಏಣು, ಉಬ್ಬಿದ ರಿವೆಟ್, ಆಳ ಅಳೆಯುವ ಸೋನಾರಿನ ಗುಂಡು, ಇವು ಯಾವುವೂ ಅದರ ನೇರಕ್ಕೆ ಇರಕೂಡದು. ಅವುಗಳ ಹಿಂದೆ ಗಾಳಿಗುಳ್ಳೆಗಳ ಸಾಲು ಹುಟ್ಟಿ ನೇರ ಪಂಪಿಗೆ ಹೋಗುತ್ತದೆ.

ಮರಳುದಿಬ್ಬ:

ನನ್ನ ದೋಣಿಯ ನಡುವೆ ಒಂದು ಏಣಿದೆ, ಎರಡು ಸೆಂ.ಮೀ. ಎತ್ತರ, ಟ್ರಾನ್ಸಮ್ ತನಕ. ಕತ್ತರಿಸಬೇಕೇ? ಹಾಗೇ ಇನ್ನೊಂದು ಪ್ರಶ್ನೆ. ಹಳೇ ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಸ್ಕೂಟರ್) ಒಂದು ಕೆಟ್ಟ ಮೈಯಲ್ಲಿ, ಒಳ್ಳೇ ಎಂಜಿನ್‌ನಲ್ಲಿ ಸಿಗುತ್ತಿದೆ. ಅದರ ಎಂಜಿನ್ನು, ಪಂಪು ಎರಡನ್ನೂ ಈ ದೋಣಿಯೊಳಗೇ ಕೂರಿಸಿದರೆ ಹೇಗೆ? ಶಕ್ತಿಗೆ ಕೊರತೆಯೇ ಇರುವುದಿಲ್ಲ.

ತಗಡುಬೆಸುಗೆ:

ಏಣು ದೋಣಿಯನ್ನು ನೇರ ಇಡುವುದರ ಜೊತೆಗೆ ತಳದ ತಗಡಿಗೂ ಬೆನ್ನುಮೂಳೆ. ಪೂರ್ತಿ ತೆಗೆಯಬೇಡಿ. ಟ್ರಾನ್ಸಮ್ಮಿನಿಂದ ಮುಂದಕ್ಕೆ ನಾಲ್ಕು ಅಡಿ ಕತ್ತರಿಸಿ, ಉಳಿದ ತುದಿಯನ್ನು ಇಳಿಜಾರಾಗಿ ಅರದಲ್ಲಿ ತೀಡಿ. ಕತ್ತರಿಸಿದ ಕಡೆ ಒಳಗಿನಿಂದ ಒಂದು ಉದ್ದ ಪಟ್ಟಿ ಕೊಟ್ಟು ಬಲಪಡಿಸಿ.

ಪಂಪ್‌ಮನೆ:

ಜೆಟ್ ಸ್ಕೀ ಪಂಪನ್ನು ಒಳಗೆ ಕೂರಿಸುವುದು ಚಂದದ ಕೆಲಸ. ಕೈ ಪಳಗಿದವರಿಗೆ ನಾನು ಬೇಡ ಅನ್ನುವುದಿಲ್ಲ. ಆದರೆ ಅದು ಪರಿವರ್ತನೆ ಅಲ್ಲ, ಹೊಸ ದೋಣಿ ಕಟ್ಟುವುದು. ತಳಕ್ಕೆ ದೊಡ್ಡ ತೂತು ಕೊರೆದು, ನೀರೆಳೆಯುವ ಸುರಂಗವನ್ನು ಹಳೇ ಮೈಯಿಂದ ಕತ್ತರಿಸಿ ತರಬೇಕು ಇಲ್ಲವೇ ಅಲ್ಯೂಮಿನಿಯಂನಲ್ಲಿ ಅದೇ ಆಕಾರಕ್ಕೆ ಬೆಸೆಯಬೇಕು. ಸುರಂಗದ ಇಳಿಜಾರು ಸ್ವಲ್ಪ ತಪ್ಪಿದರೂ ಪಂಪು ನೀರಿಗೆ ಬದಲು ಗುಳ್ಳೆ ಕುಡಿಯುತ್ತದೆ. ಎಂಜಿನ್ನಿನ ಶಾಫ್ಟು ಪಂಪಿನ ಶಾಫ್ಟಿಗೆ ಕೂದಲೆಳೆಯಷ್ಟೂ ಓರೆಯಾಗದ ಹಾಗೆ ಕೂರಬೇಕು, ಇಲ್ಲದಿದ್ದರೆ ಬೇರಿಂಗ್ ಮತ್ತು ಸೀಲ್ ಉಳಿಯುವುದಿಲ್ಲ.

ಪೂರ್ತಿ ಚಪ್ಪಟೆ ತಳದ ದೋಣಿಗೆ ಇದರಲ್ಲಿ ವಿಶೇಷ ತೊಂದರೆ ಇದೆ. ಮೂತಿಯ ಕೆಳಗೆ ನುಗ್ಗಿದ ಗಾಳಿಗೆ ಬದಿಗೆ ಸರಿಯಲು ಇಳಿಜಾರೇ ಇಲ್ಲ, ತಳದುದ್ದಕ್ಕೂ ಹರಿದು ಸುರಂಗಕ್ಕೆ ಬರುತ್ತದೆ. ಅದಕ್ಕೇ ಇಂಥ ದೋಣಿ ಕಟ್ಟುವವರು ಸುರಂಗದ ಮುಂದೆ ನಡುಭಾಗವನ್ನಷ್ಟೇ ಕೆಲವು ಡಿಗ್ರಿ ವಿ ಆಕಾರಕ್ಕೆ ತರುತ್ತಾರೆ.

ಇದೆಲ್ಲಕ್ಕಿಂತ ನನಗೆ ಭಯ ಇರುವುದು ಪೆಟ್ರೋಲ್ ಆವಿಯದ್ದು. ಔಟ್‌ಬೋರ್ಡ್ ಬಯಲಲ್ಲಿರುತ್ತದೆ, ಸೋರಿದರೂ ಆವಿ ಗಾಳಿಗೆ ಹೋಗುತ್ತದೆ. ಎಂಜಿನ್ ಡಬ್ಬಿಯೊಳಗೆ ಇದ್ದರೆ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಮಡುಗಟ್ಟುತ್ತದೆ. ಒಂದು ಕಿಡಿ ಸಾಕು. ಗಾಳಿ ಹೊರದೂಡುವ ಬ್ಲೋವರ್ ಬೇಕು, ಎಂಜಿನ್ ಚಾಲೂ ಮಾಡುವ ಮುಂಚೆ ನಾಲ್ಕು ನಿಮಿಷವಾದರೂ ಅದು ಓಡಬೇಕು. ಸ್ಟಾರ್ಟರ್, ರಿಲೇ, ಸ್ವಿಚ್ಚುಗಳು ಕಿಡಿ ಹೊರಬರದ ಹಾಗೆ ಮುಚ್ಚಿದ, ದೋಣಿಗೆಂದೇ ಮಾಡಿದವೇ ಆಗಿರಬೇಕು. ಕಾರಿನ ಸಾಮಾನು ಇಲ್ಲಿ ಸಲ್ಲ. ಇನ್ನು ಶಕ್ತಿಗೆ ಕೊರತೆ ಇಲ್ಲ ಅಂದಿರಿ. 25 ಎಚ್‌ಪಿಗೆಂದು ಮಾಡಿದ ತಗಡಿಗೆ ಅದರ ಎರಡು ಪಟ್ಟು ಹಾಕುವುದು ಲಾಭವಲ್ಲ.

ಆದರೂ ತಂದರೆ ನೆನಪಿಡಿ. ದಡದಲ್ಲಿ ನಳ್ಳಿ ಪೈಪ್ ಹಾಕಿ ತೊಳೆಯುವಾಗ ಎಂಜಿನ್ ಮೊದಲು ಶುರು, ಆಮೇಲೆ ನೀರು. ನಿಲ್ಲಿಸುವಾಗ ನೀರು ಮೊದಲು ಬಂದ್, ಆಮೇಲೆ ಎಂಜಿನ್. ಇದು ಉಲ್ಟಾ ಆದರೆ ಸಾಮಾನ್ಯವಾಗಿ ಈ ಎಂಜಿನ್ನುಗಳಲ್ಲಿ ಹೊಗೆ ಕೊಳವೆಯಿಂದ ನೀರು ಸಿಲಿಂಡರಿಗೆ ಇಳಿಯುತ್ತದೆ.

ಮರಳುದಿಬ್ಬ:

ಆ ಯೋಚನೆ ಬಿಟ್ಟೆ. ಫಲಕದಲ್ಲಿ 30 ಎಚ್‌ಪಿ ಅಂತಿದೆ, ಆದ್ದರಿಂದ 40ರದ್ದೂ ಬೇಡ. ಇರುವ 25ಕ್ಕೇ ಕಿಟ್ ತರಿಸುತ್ತೇನೆ, ಒಬ್ಬನೇ ಹೋಗುತ್ತೇನೆ. ಓಡಿಸುವುದು ಹೇಗೆ ಅಂತ ಹೇಳಿಕೊಡಿ. ಪ್ರೊಪೆಲ್ಲರ್ ದೋಣಿ ಗೊತ್ತು, ಜೆಟ್ ಮುಟ್ಟಿಲ್ಲ.

ಹಳೇಗಣೆ:

ಮೊದಲು ಕೈಗೆ ಹೇಳಿಕೊಡಬೇಕಾದದ್ದು: ಥ್ರಾಟಲ್ ಬಿಟ್ಟರೆ ದೋಣಿ ತಿರುಗುವುದಿಲ್ಲ. ನೀರಿನೊಳಗೆ ಚುಕ್ಕಾಣಿಯಾಗಿ ನಿಲ್ಲಲು ಏನೂ ಇಲ್ಲ, ಧಾರೆ ಇದ್ದರಷ್ಟೇ ತಿರುವು. ಎದುರಿಗೆ ಬಂಡೆ ಕಂಡಾಗ ಕೈ ತಾನೇ ಥ್ರಾಟಲ್ ಇಳಿಸುತ್ತದೆ, ದೋಣಿ ನೇರ ಬಂಡೆಗೇ ಹೋಗುತ್ತದೆ. ಆಳದ, ಬಯಲಾದ ಮಡುವಿನಲ್ಲಿ ಒಂದು ತೇಲುಬುರುಡೆ ಬಿಟ್ಟು ಅದರತ್ತ ಹೋಗಿ, ಥ್ರಾಟಲ್ ಇಳಿಸದೆ ತಪ್ಪಿಸುವುದನ್ನು ಬೇಜಾರಾಗುವಷ್ಟು ಸಲ ಮಾಡಿ. ಚಪ್ಪಟೆ ತಳ ತಿರುವಿನಲ್ಲಿ ಅಡ್ಡಕ್ಕೂ ಜಾರುತ್ತದೆ, ಅಡ್ಡ ಜಾರುವಾಗ ಅಂಚು ಕಲ್ಲಿಗೆ ಸಿಕ್ಕಿದರೆ ಮಗುಚಬಹುದು. ಆದ್ದರಿಂದ ತಿರುವನ್ನು ಮೊದಲೇ ಶುರು ಮಾಡಿ. ಲೈಫ್ ಜಾಕೆಟ್ ಮೈಮೇಲೆ, ಎಂಜಿನ್ ನಿಲ್ಲಿಸುವ ಹಗ್ಗ ಕೈಗೆ ಅಥವಾ ಕಾಲಿಗೆ, ಯಾವಾಗಲೂ.

ಜಲ್ಲಿಯ ಮೇಲೆ ಎಂಜಿನ್ ಶುರು ಮಾಡಬೇಡಿ. ನಿಂತ ದೋಣಿಯ ಕೆಳಗಿನ ಜಲ್ಲಿಯನ್ನು ಪಂಪು ಎಳೆದುಕೊಳ್ಳುತ್ತದೆ. ಗಣೆ ಹಾಕಿ ಸೊಂಟದ ಹತ್ತಿರದ ನೀರಿಗೆ ತಳ್ಳಿ ಅಲ್ಲಿ ಶುರು ಮಾಡಿ, ಅಲ್ಲೇ ಎಬ್ಬಿಸಿ. ಎದ್ದ ಮೇಲೆ ಹಗುರ ದೋಣಿ ಹತ್ತು ಸೆಂ.ಮೀ. ನೀರಲ್ಲೂ ದಾಟುತ್ತದೆ.

ಪಂಪ್‌ಮನೆ:

ಹಾಸಿನ ನಡುವೆ ನಿಧಾನ ಮಾಡಬಾರದು ಎಂಬುದಕ್ಕೆ ಕಾರಣ ಹೇಳುತ್ತೇನೆ. ಆಳವಿಲ್ಲದ ನೀರಲ್ಲಿ ಅಲೆಗೆ ಒಂದು ಗರಿಷ್ಠ ವೇಗ ಇದೆ: ಆಳವನ್ನು ಮೀಟರಿನಲ್ಲಿ 9.8ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಒಂದು ಮೀಟರ್ ಆಳಕ್ಕೆ ಗಂಟೆಗೆ 11 ಕಿ.ಮೀ., 30 ಸೆಂ.ಮೀ.ಗೆ 6 ಕಿ.ಮೀ.ಗಿಂತ ತುಸು ಹೆಚ್ಚು. ದೋಣಿ ಆ ವೇಗದ ಆಸುಪಾಸಿಗೆ ಬಂದಾಗ ಎಳೆತ ಅತಿ ಹೆಚ್ಚು, ಹಿಂಭಾಗ ಕುಸಿಯುತ್ತದೆ. ಗಂಟೆಗೆ 30 ಕಿ.ಮೀ.ನಲ್ಲಿ ಹೋಗುವ ದೋಣಿ ಅದನ್ನು ಬಹಳ ಹಿಂದೆ ಬಿಟ್ಟಿರುತ್ತದೆ. ಭಯಪಟ್ಟು ಥ್ರಾಟಲ್ ಇಳಿಸಿದರೆ ಕುಸಿಯುವ ವೇಗಕ್ಕೆ ನೀವೇ ಇಳಿದಂತೆ, ಅದೂ ಕಲ್ಲಿನ ನೆತ್ತಿಯ ಮೇಲೆ. ಹಾಸಿನ ಉದ್ದವನ್ನು, ಆಚೆ ಆಳ ಇದೆಯೇ, ಯಾರಾದರೂ ನೀರಲ್ಲಿದ್ದಾರೆಯೇ ಎಂಬುದನ್ನು ಮುಂಚೆ ನಡೆದು ನೋಡಿ. ಕಾಣದ ತಿರುವಿನೊಳಗೆ ನುಗ್ಗುವ ಕಡೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಇಳಿದು ಎಳೆಯುವುದೇ ಸರಿ.

ಮರಳುದಿಬ್ಬ:

ಕಿಟ್ ಕೂತಿತು. ಏಣು ನಾಲ್ಕು ಅಡಿ ಕತ್ತರಿಸಿ ತೀಡಿಸಿದೆ, ಒಳಗೆ ಪಟ್ಟಿ, ಟ್ರಾನ್ಸಮ್ಮಿಗೆ ತ್ರಿಕೋನದ ಆಧಾರ. ಬ್ಯಾಟರಿ ಮತ್ತು ಟ್ಯಾಂಕನ್ನು ಮೂತಿಯ ಕಡೆ ಸರಿಸಿದೆ. ನೇರ ಪಟ್ಟಿಯ ಅಳತೆಗೆ ಕೂರಿಸಿದಾಗ ಸರಾಗ ಓಡಿತು, ಆದರೆ ಅಲೆಗಳ ಮೇಲೆ ಹೋದರೆ ಎಂಜಿನ್ ಏಕಾಏಕಿ ಕಿರುಚಿ ತಳ್ಳು ಕಳೆದುಕೊಳ್ಳುತ್ತಿತ್ತು. ಆರು ಮಿಲಿಮೀಟರ್ ಇಳಿಸಿದೆ, ನಿಂತಿತು. ಒಬ್ಬನೇ ಇದ್ದಾಗ ಕೂಡಲೇ ಏಳುತ್ತದೆ. ಮೊದಲು ದೋಣಿ ಎಳೆಯುತ್ತಿದ್ದ ಹಾಸನ್ನು ಮೇಲಿನಿಂದಲೇ ದಾಟಿದೆ. ಆದರೆ ಒಂದು ಸಲ ದಡಕ್ಕೆ ಬರುವಾಗ ಜಲ್ಲಿ ಒಳಗೆ ಹೋದ ಸದ್ದು ಕೇಳಿತು, ಆಮೇಲೆ ತಳ್ಳು ಸ್ವಲ್ಪ ಕಡಿಮೆ ಅನ್ನಿಸುತ್ತಿದೆ. ಬಿಚ್ಚಬೇಕೇ?

ತಗಡುಬೆಸುಗೆ:

ಬಿಚ್ಚಿ, ಕಷ್ಟವಿಲ್ಲ. ಬಾಯಿಯ ಭಾಗ ಕಳಚಿದರೆ ಇಂಪೆಲ್ಲರ್ ಎದುರಿಗೇ ಇರುತ್ತದೆ. ಅದರ ಅಂಚಿಗೂ ಸುತ್ತಲಿನ ಒಳಗವಚಕ್ಕೂ, ಅಂದರೆ ಲೈನರಿಗೂ, ನಡುವೆ ಸುಮಾರು 0.8 ಮಿಲಿಮೀಟರ್ ಬಿಡುವು ಇರಬೇಕು, ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಹಾಕಿ ಸುತ್ತಲೂ ನೋಡಿ. ಹೆಚ್ಚಾಗಿದ್ದರೆ ಇಂಪೆಲ್ಲರಿನ ಒಂದು ಬದಿಯ ಶಿಮ್ (ತೆಳು ಬಿಲ್ಲೆ) ತೆಗೆದು ಇನ್ನೊಂದು ಬದಿಗೆ ಹಾಕಿದರೆ ಅದು ಓರೆ ಲೈನರಿನೊಳಗೆ ಇನ್ನಷ್ಟು ಕೂರುತ್ತದೆ. ಯಾವ ಬದಿಯಿಂದ ಯಾವ ಬದಿಗೆ ಅಂತ ಕಿಟ್ಟಿನ ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಎಲೆಗಳ ಮುಂದಿನ ಅಂಚು ಮೊಂಡಾಗಿದ್ದರೆ ಅರ ಹಾಕಿ, ಬ್ಲೇಡಿನಷ್ಟು ಚೂಪು ಬೇಡ, ಎಲೆಯ ಬಾಗನ್ನು ಬದಲಿಸಬೇಡಿ. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು, ಅಂದರೆ ಕೀಲಿ, ತುಂಡಾಗಿದೆಯೋ ನೋಡಿ, ಒಂದು ಹೆಚ್ಚುವರಿ ಕೀಲಿ ಸದಾ ದೋಣಿಯಲ್ಲಿರಲಿ. ಜೋಡಿಸಿದ ಮೇಲೆ ಬೇರಿಂಗಿಗೆ ಗ್ರೀಸ್ ಒತ್ತಿ, ಹಳೇ ಗ್ರೀಸ್ ಕೊಳವೆಯ ಆಚೆ ತುದಿಯಿಂದ ಬರುವ ತನಕ. ಓಡಿದ ಪ್ರತಿ 10 ಗಂಟೆಗೊಮ್ಮೆ ಇದು ಆಗಬೇಕು. ಬರುವ ಗ್ರೀಸ್ ಹಾಲಿನ ಹಾಗೆ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ ಅಂತ ಅರ್ಥ.

ಮರಳುದಿಬ್ಬ:

ಬಿಚ್ಚಿ ನೋಡಿದೆ. ಬಿಡುವು ಒಂದು ಮಿಲಿಮೀಟರ್ ದಾಟಿತ್ತು, ಎರಡು ಎಲೆಗಳ ಅಂಚು ಮೊಂಡಾಗಿತ್ತು. ಶಿಮ್ ಬದಲಿಸಿ, ಅರ ಹಾಕಿ ಕೂರಿಸಿದೆ. ಗ್ರೀಸ್ ಕಪ್ಪಗೇ ಬಂತು, ನೀರಿಲ್ಲ. ತಳ್ಳು ಮೊದಲಿನಷ್ಟೇ ಬಂದಿದೆ.